ಅನುಭವಿಸಿದ್ದೆಲ್ಲ ಅನುಭವವೇ?

"ನಿಮ್ಮ ಅನುಭವ ಬರೆದು ಕಳಿಸಿ" ಅಂತ ಪತ್ರಿಕೆಯವರು ಕೇಳಿದರು. ಬರೆಯಲು ಕೂತವನು ಆ ಪದದಲ್ಲೇ ಸಿಕ್ಕಿಹಾಕಿಕೊಂಡೆ. ಅನುಭವ ಅಂದರೇನು? ವಯಸ್ಸಾಗುವುದೇ? ಮೂವತ್ತು ವರ್ಷ ನೇಗಿಲು ಹಿಡಿದದ್ದೇ? ನಮ್ಮೂರ ನಿವೃತ್ತ ಮೇಷ್ಟ್ರನ್ನು ಕೇಳಿದೆ.

ಪದ ಸಂಸ್ಕೃತದ್ದಂತೆ. 'ಅನು' ಅಂದರೆ ಹಿಂದೆ, ಜೊತೆಗೆ. 'ಭವ' ಅಂದರೆ ಆಗುವುದು, ಇರುವುದು. ನೇಗಿಲ ಹಿಂದೆ ಹೆಜ್ಜೆ ಹಾಕಿದಂತೆ, ಆಗುವುದರ ಬೆನ್ನಿಗೇ ಹೋಗಿ ನೋಡುವುದು ಅಂತ ನಾನು ಅರ್ಥ ಮಾಡಿಕೊಂಡೆ.

ನಮ್ಮಲ್ಲಿ ಈ ಪದಕ್ಕೆ ಮೂರು ಬಳಕೆ ಇದೆ. ಒಂದು ಕ್ರಯಪತ್ರದ್ದು: 'ಸ್ವಾಧೀನಾನುಭವ', ಅಂದರೆ ಜಮೀನು ಕೈಯಲ್ಲಿದ್ದು ಅದರ ಫಲ ಉಣ್ಣುವುದು. ಎರಡು, ಮನೆಮಾತು: "ಸಾಲ ಮಾಡಿಕೊಂಡೆಯಲ್ಲ, ಅನುಭವಿಸು." ಮೂರನೆಯದು ತಿಳಿವಳಿಕೆ. 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಕೂಡುತ್ತಿದ್ದ ಜಾಗಕ್ಕೆ ಅನುಭವ ಮಂಟಪ ಅನ್ನುತ್ತಾರೆ. ಅಲ್ಲಿ ಮಡಿವಾಳರ, ಅಂಬಿಗರ ಮಾತಿಗೂ ಬೆಲೆಯಿತ್ತು.

ಎರಡನೆಯದು ತಾನಾಗಿ ಮೂರನೆಯದಾಗುವುದಿಲ್ಲ. ಅದಕ್ಕೆ ನಾನೇ ಸಾಕ್ಷಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಬೋರು ನಂಬಿದೆ. ಮೊದಲನೆಯದು ಬತ್ತಿತು. ಎರಡನೆಯದು, ಮೂರನೆಯದು ಸಾವಿರ ಅಡಿ ದಾಟಿದರೂ ಬರೀ ಧೂಳು. ಪ್ರತಿ ಸಲವೂ ಹಣೆಬರಹ ಅಂದೆ. ಅನುಭವಿಸಿದ್ದು ಮೂರು ಸಲ, ಅನುಭವ ಒಂದೂ ಇಲ್ಲ. ಸಾಲಕ್ಕೆ ಮಾರಿದ ಎರಡು ಎಕರೆಯ ಸ್ವಾಧೀನಾನುಭವ ಈಗ ಬೇರೆಯವರದು.

ಇಂಗ್ಲಿಷಿನ 'ಎಕ್ಸ್‌ಪೀರಿಯನ್ಸ್' ಲ್ಯಾಟಿನ್ನಿಂದ ಬಂದ ಪದ. ಮೂಲದಲ್ಲಿ ಅದರ ಅರ್ಥ ಪರೀಕ್ಷೆ ಮಾಡಿ ನೋಡುವುದು. ಪ್ರಯೋಗ ಅನ್ನುವ 'ಎಕ್ಸ್‌ಪೆರಿಮೆಂಟ್', ಅಪಾಯ ಅನ್ನುವ 'ಪೆರಿಲ್' ಎರಡೂ ಅದೇ ಬಳ್ಳಿಯವು ಅಂತ ಮೇಷ್ಟ್ರು ಹೇಳಿದರು. ಅಪಾಯವಿಲ್ಲದೆ ಪರೀಕ್ಷೆ ಇಲ್ಲ, ನಿಜ. ಆದರೆ ಅಪಾಯ ನಾವು ತಡೆಯುವಷ್ಟು ಸಣ್ಣದಿರಬೇಕು.

ಈಗ ಹೊಸದೇನಿದ್ದರೂ ಹತ್ತು ಗುಂಟೆಯಲ್ಲಿ ಮಾತ್ರ ನೋಡುತ್ತೇನೆ. ಒಂದು ವರ್ಷ ಅಲ್ಲಿ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿದೆ. ಪಕ್ಕದಲ್ಲಿ ಬರೀ ರಾಗಿ. ಬಿತ್ತಿದ ದಿನ, ಮಳೆ ಬಂದ ದಿನ, ಖರ್ಚು, ಇಳುವರಿ ಎಲ್ಲ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ತೆನೆ ಕಟ್ಟುವಾಗ ಮಳೆ ಕೈಕೊಟ್ಟಿತು. ರಾಗಿ ಎರಡೂ ಕಡೆ ಜೊಳ್ಳು. ಬೇರು ಆಳಕ್ಕಿಳಿದಿದ್ದ ತೊಗರಿ ಮಾತ್ರ ಕೈಹಿಡಿಯಿತು. ಇದನ್ನು ಅನುಭವ ಅಂತ ಬರೆಯಲು ನನಗೆ ಸಂಕೋಚವಿಲ್ಲ.

ರೈತ ಬಂಧುಗಳೇ, ಗೆದ್ದದ್ದನ್ನು ಮಾತ್ರ ಬರೆಯಬೇಡಿ. ಬತ್ತಿದ ಬೋರಿನ ಲೆಕ್ಕವನ್ನೂ ಬರೆಯಿರಿ: ಎಷ್ಟು ಅಡಿ, ಎಷ್ಟು ಖರ್ಚು, ಯಾರ ಮಾತು ನಂಬಿ ಕೊರೆಸಿದ್ದು. ಒಬ್ಬ ಅನುಭವಿಸಿದ್ದು ಹತ್ತು ಜನಕ್ಕೆ ಅನುಭವವಾದರೆ ಇನ್ನೊಬ್ಬನ ಎರಡು ಎಕರೆಯಾದರೂ ಉಳಿದೀತು.