ಆಸರೆಯೂ ಅಪ್ಪಣೆಯೂ

ಹರಿಹರದ ದೇಗುಲದ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಪೋಲಾಳ್ವನು ಕಟ್ಟಿಸಿದ ಆ ಗುಡಿಯಲ್ಲಿ ಇಬ್ಬರು ಒಂದಾಗಿ ನಿಂತಿದ್ದಾರೆ. ಒಬ್ಬನು ಮತ್ತೊಬ್ಬನನ್ನು ನುಂಗಿಲ್ಲ. ಮನೋರೋಗಿಯ ಬಳಿ ನಿಲ್ಲುವ ದಾದಿಯ ಧರ್ಮವೂ ಇಂಥದೇ ಅಲ್ಲವೆ?

ದಾವಣಗೆರೆಯ ಒಬ್ಬ ದರ್ಜಿಯನ್ನು ಕಲ್ಪಿಸಿಕೊಳ್ಳೋಣ. ಗುಳಿಗೆಯಿಂದ ಅವನ ಭ್ರಮೆ ತಗ್ಗಿದೆ. ಆದರೆ ಕೈ ನಡುಗುತ್ತದೆ, ಸೂಜಿಗೆ ದಾರ ಪೋಣಿಸಲಾಗದು. ಆತ ಗುಳಿಗೆ ಬೇಡವೆನ್ನುತ್ತಾನೆ. ‘ತಲೆ ಕೆಟ್ಟವನ ಮಾತು’ ಎಂದು ಮನೆಯವರು ಅದನ್ನು ಅನ್ನದಲ್ಲಿ ಕಲಸಲು ಹೊರಡುತ್ತಾರೆ. ಪ್ರೀತಿಯೇ ಸರಿ, ಆದರೆ ಗುಟ್ಟು ಬಯಲಾದ ದಿನ ಆತ ಗುಳಿಗೆಯನ್ನಷ್ಟೇ ಅಲ್ಲ, ಅನ್ನವನ್ನೂ ನಂಬಲಾರ.

ಬಲ್ಲ ದಾದಿ ‘ಏಕೆ ಬೇಡ?’ ಎಂದು ಕೇಳುತ್ತಾಳೆ. ಉತ್ತರವನ್ನು ವೈದ್ಯರಿಗೆ ಮುಟ್ಟಿಸುತ್ತಾಳೆ. ಪ್ರಮಾಣ ತಗ್ಗಿಸಬಹುದೆ, ಬೇರೆ ಔಷಧ ಉಂಟೆ, ಬಿಟ್ಟರೆ ಏನಾದೀತು ಎಂಬುದನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಬಿಡಿಸಿ ಹೇಳುತ್ತಾಳೆ. ಅವನು ನೆಚ್ಚುವ ಒಬ್ಬರನ್ನು ಪಕ್ಕದಲ್ಲಿ ಕೂರಿಸುತ್ತಾಳೆ. ತೀರ್ಮಾನ ಮಾತ್ರ ಅವನದು.

ಇದು ಬರಿಯ ಸೌಜನ್ಯವಲ್ಲ, ಶಾಸನ. 1912ರ ಕಾಯಿದೆಗೆ ರೋಗಿಯು ಕೂಡಿಡಬೇಕಾದ ‘ಹುಚ್ಚ’. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಾದರೋ ವಿಷಯವನ್ನು ಅವನ ಭಾಷೆಯಲ್ಲಿ, ಬೇಕಾದರೆ ಸನ್ನೆಯಲ್ಲಿ ತಿಳಿಸಬೇಕೆನ್ನುತ್ತದೆ. ನಿರ್ಧಾರವು ಇತರರಿಗೆ ತಪ್ಪಾಗಿ ಕಂಡಿತೆಂಬ ಮಾತ್ರಕ್ಕೆ ನಿರ್ಧರಿಸುವ ಶಕ್ತಿಯೇ ಇಲ್ಲವೆನ್ನಲಾಗದು ಎಂದೂ ಸಾರುತ್ತದೆ.

ರೋಗ ಉಲ್ಬಣಿಸಿ ಮಾತೇ ನಾಟದ ಗಳಿಗೆಯೂ ಉಂಟು, ಅದನ್ನು ಮರೆಮಾಚಲಾಗದು. ಅದಕ್ಕೆಂದೇ ಸ್ವಸ್ಥನಿದ್ದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂದು ಬರೆದಿಡಬಹುದು. ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಹೆಸರಿಸಬಹುದು. ಆ ಪ್ರತಿನಿಧಿಯ ಕೋರಿಕೆಯಿಂದ ಆಸ್ಪತ್ರೆಗೆ ಸೇರಿಸಿಕೊಂಡರೂ ಮೊದಲ ಅವಧಿ 30 ದಿನ ಮೀರಬಾರದು; 7 ದಿನಗಳಿಗೊಮ್ಮೆ ಅವನ ಸಮ್ಮತಿಯ ಶಕ್ತಿ ಮರಳಿದೆಯೆ ಎಂದು ಪರೀಕ್ಷಿಸಬೇಕು. ಪರರ ಕೈಗೆ ಹೋದ ಹಕ್ಕು ಸಾಲ ಕೊಟ್ಟದ್ದು, ದಾನವಿತ್ತದ್ದಲ್ಲ.

ವೈದ್ಯರು ಬಂದು ಹೋಗುವವರು. ಹಗಲಿರುಳು ಬಳಿಯಿರುವವಳು ದಾದಿ. ಹಲವು ಮಂಚಗಳಿಗೆ ಒಬ್ಬಳೇ ಆದರೆ ಕೇಳಲು ಆಕೆಗೆ ಬಿಡುವೆಲ್ಲಿ? ಈ ಶಾಸನದ ಅಳಿವು ಉಳಿವು ಆ ಬಿಡುವಿನಲ್ಲಿದೆ. ಮನೆಯಲ್ಲಿರುವ ನಮಗಾದರೋ ಆ ನೆಪವೂ ಇಲ್ಲ. ಗುಳಿಗೆಯನ್ನು ಅನ್ನಕ್ಕೆ ಬೆರೆಸುವ ಮೊದಲು ಒಂದು ಮಾತು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು?