ಬಾಸನ್ ಮನೆತನದ ಬಂಗಾಳಿ ಅಜ್ಜಿ

ನಿಮ್ಮ ಮುತ್ತಜ್ಜನ ಹೆಸರು ಕೇಳಿದರೆ ನೀವು ಥಟ್ಟನೆ ಹೇಳಬಹುದು. ಮುತ್ತಜ್ಜಿಯ ಹೆಸರು? ಆಕೆಯ ತವರೂರು? ಇಲ್ಲಿ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. ಖಾಂದಾನಿನ ಹೆಸರು ತಂದೆಯಿಂದ ಮಗನಿಗೆ ಸಾಗುತ್ತದೆ, ತಾಯಂದಿರು ಮರೆಯಾಗುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಹೀಗೆ ಮರೆಯಾದ ಒಬ್ಬ ಅಜ್ಜಿಯ ಕಥೆ ಕೇಳಿ.

1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪೆನಿಯು ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ಒಂದು ತಂಗುದಾಣ ಸ್ಥಾಪಿಸಿತು. ಏಷ್ಯಾಕ್ಕೆ ಹೋಗಿಬರುವ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸುವುದು ಅದರ ಕೆಲಸ. ಯಾನ್ ವಾನ್ ರೀಬೆಕ್ ಅದರ ಮುಖ್ಯಸ್ಥ. ಈ ಡಚ್ ವಸಾಹತಿನಲ್ಲಿ ನೆಲೆಸಿದವರಲ್ಲಿ ಆರ್ನೋಲ್ಡಸ್ ಬಾಸನ್ ಒಬ್ಬ. ಅವನ ಹುಟ್ಟೂರು ಇಂದಿನ ಜರ್ಮನಿಯ ವೇಸೆಲ್. ಅಲ್ಲಿನ ಬಾಸನ್ ಮನೆತನಕ್ಕೆ ಅವನೇ ಮೂಲಪುರುಷ.

ವಂಶಾವಳಿ ಹುಡುಕುವವರಿಗೆ ಒಂದು ಅನುಕೂಲವಿದೆ. ಡಚ್ಚರು ಬರೆದಿಡುವುದರಲ್ಲಿ ಬಹಳ ಶಿಸ್ತಿನವರು. ಚರ್ಚಿನ ಮದುವೆ ಪುಸ್ತಕ, ಉಯಿಲು, ಗುಲಾಮರ ಕ್ರಯಪತ್ರ, ಸತ್ತವರ ಮನೆಯ ಸಾಮಾನಿನ ಪಟ್ಟಿ ಎಲ್ಲವೂ ಉಳಿದಿವೆ. ಆ ದಾಖಲೆಗಳ ಪ್ರಕಾರ ಬಾಸನ್ 1669ರಲ್ಲಿ ವರಿಸಿದ್ದು ಬಂಗಾಳದ ಆಂಜೆಲಾಳನ್ನು.

ಆಕೆ ಕೇಪ್‌ಗೆ ಬಂದದ್ದು ಗುಲಾಮಳಾಗಿ. ದುಡಿದದ್ದು ವಾನ್ ರೀಬೆಕ್‌ನ ಮನೆಯಲ್ಲಿ. 1662ರಲ್ಲಿ ಕೇಪ್ ಬಿಟ್ಟು ಹೊರಡುವಾಗ ಅವನು ಆಕೆಯನ್ನು ಅಬ್ರಹಾಂ ಗಬ್ಬೆಮಾ ಎಂಬ ಅಧಿಕಾರಿಗೆ ಮಾರಿದ. 1666ರಲ್ಲಿ ಗಬ್ಬೆಮಾ ಆಕೆಯನ್ನೂ ಆಕೆಯ ಮಕ್ಕಳನ್ನೂ ಬಿಡುಗಡೆಗೊಳಿಸಿದ. ಮರುವರ್ಷ ಆಕೆಗೆ ಸ್ವಂತ ನಿವೇಶನ ಸಿಕ್ಕಿತು. 1720ರಲ್ಲಿ ತೀರಿಕೊಂಡಾಗ ಆಕೆ ಆಸ್ತಿವಂತೆ. ಆಕೆಯ ಮಗಳು ಅನ್ನಾ, ಓಲೋಫ್ ಬೆರ್ಗ್ ಎಂಬ ಸ್ವೀಡಿಷ್ ಅಧಿಕಾರಿಯ ಮಡದಿಯಾಗಿ, ಮುಂದೆ ಪ್ರಸಿದ್ಧ ಕಾನ್‌ಸ್ಟಾನ್ಷಿಯಾ ತೋಟದ ಒಡತಿಯಾದಳು.

ಆದರೆ ಆಂಜೆಲಾಳ ತಂದೆ ತಾಯಿ ಯಾರು? ಗುಲಾಮರ ಹೆಸರಿನ ಮುಂದೆ ಮನೆತನದ ಬದಲು ಊರನ್ನು ಬರೆಯುವುದು ಆಗಿನ ರೂಢಿ. ಗಂಡನ ಜಾಡು ವೇಸೆಲ್ ಪಟ್ಟಣದ ತನಕ ಸಿಗುತ್ತದೆ. ಹೆಂಡತಿಯ ಜಾಡು 'ಬಂಗಾಳ' ಎಂಬ ಒಂದೇ ಪದಕ್ಕೆ ನಿಂತುಬಿಡುತ್ತದೆ. ಹಳೆಯ ಕೇಪ್ ಕುಟುಂಬಗಳ ವಂಶಾವಳಿ ಗ್ರಂಥಗಳು ಕೂಡ ಗಂಡಿನ ಸಾಲನ್ನೇ ಹಿಡಿದು ಸಾಗಿದವು.

ಈ ಮರೆವಿನ ಬೆಲೆ ಸಣ್ಣದಲ್ಲ. 1949ರಲ್ಲಿ ಆ ದೇಶದ ವರ್ಣಭೇದ ಸರಕಾರ ಬಿಳಿಯರು ಇತರರನ್ನು ಮದುವೆಯಾಗಬಾರದೆಂದು ಕಾನೂನು ತಂದಿತು. 1950ರಲ್ಲಿ ಪ್ರತಿಯೊಬ್ಬರನ್ನೂ ಜನಾಂಗವಾರು ನೋಂದಾಯಿಸತೊಡಗಿತು. ತಮ್ಮದು ಅಪ್ಪಟ ಯುರೋಪಿನ ರಕ್ತವೆಂದು ಬೀಗುತ್ತಿದ್ದವರ ಅಜ್ಜಿಯರಲ್ಲಿ ಆಂಜೆಲಾಳಂಥವರೂ ಇದ್ದರು! 1971ರಲ್ಲಿ ಜೆ.ಎ. ಹೇಸೆ ಎಂಬ ಸಂಶೋಧಕರು ಹಳೆಯ ದಾಖಲೆಗಳನ್ನು ಜಾಲಾಡಿ, ಆಫ್ರಿಕಾನರ್ ಬಿಳಿಯರ ವಂಶಮೂಲದಲ್ಲಿ ಶೇ. 7ರಷ್ಟು ಯುರೋಪಿನ ಹೊರಗಿನದೆಂದು ತೋರಿಸಿದರು. ಮಿಶ್ರ ವಿವಾಹದ ನಿಷೇಧ 1985ರಲ್ಲಿ ರದ್ದಾಯಿತು, ಜನಾಂಗವಾರು ನೋಂದಣಿ 1991ರಲ್ಲಿ.

ವಂಶದ ಹಿರಿಮೆ ಹೇಳುವಾಗ ನಾವು ಅರ್ಧ ವಂಶವನ್ನಷ್ಟೇ ಎಣಿಸಿರುತ್ತೇವೆ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರ ಬಳಿ ಕುಳಿತು ಅವರ ಅಜ್ಜಿಯ ಹೆಸರು, ಊರು ಕೇಳಿ. ಮಕ್ಕಳ ಕೈಯಲ್ಲಿ ಅದನ್ನು ಬರೆಸಿಡಿ.