ಇ-ಮೇಲ್ ಕಾಗದಗಳು ತಲಪದಿರುವುದಕ್ಕೆ ಕಾರಣಗಳು

ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಕೊಯ್ದ ರಾಗಿಯನ್ನು ಒಣಗಲೆಂದು ಹೊಲದಲ್ಲಿಯೇ ಬಿಡುವುದು ವಾಡಿಕೆಯಷ್ಟೆ. ಹಾಗೆ ಬಿಟ್ಟ ಪೈರು 14 ದಿನಗಳೊಳಗೆ ಅಕಾಲದ ಮಳೆಯಿಂದ ಕೆಟ್ಟರೆ, 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಮೇರೆಗೆ ವಿಮೆ ಮಾಡಿಸಿದ ರೈತನು 72 ಗಂಟೆಗಳೊಳಗೆ ನಷ್ಟದ ಸಂಗತಿಯನ್ನು ತಿಳಿಸತಕ್ಕದ್ದು. ಇಂತಹ ಕಾಗದವನ್ನು ಇ-ಮೇಲ್ ಮೂಲಕ ಕಳುಹಿಸಿ ನಿಶ್ಚಿಂತರಾಗುವ ಜಮೀನುದಾರರು, ಅದು ಹಾದಿಯಲ್ಲಿ ನಿಂತುಹೋಗುವ ಬಗೆಯನ್ನು ಅರಿತಿರುವುದು ಅವಶ್ಯ.

ಲಕೋಟೆಯ ಮೇಲೆ ವಿಳಾಸವು ಕೊಂಚ ತಪ್ಪಿದ್ದರೂ, 572216 ಎಂಬ ಪಿನ್ ಸಂಖ್ಯೆಯಿದ್ದರೆ ಅದು ಗುಬ್ಬಿಯನ್ನು ಸೇರುವುದು. ಊರನ್ನು ಬಲ್ಲ ಅಂಚೆಯವನು ಮನೆಗೆ ಮುಟ್ಟಿಸುವನು. ಇ-ಮೇಲಿನ ಹಾದಿಯಲ್ಲಿ ಹೀಗೆ ಊಹಿಸಿ ತಿದ್ದುವವರಿಲ್ಲ. ವಿಳಾಸದಲ್ಲಿ ‘ಅಟ್’ ಚಿಹ್ನೆಯ ಬಲಗಡೆ ಇರುವುದು ಕಾಗದ ಸೇರಬೇಕಾದ ಸಂಸ್ಥೆಯ ಹೆಸರು. ಎಡಗಡೆ ಇರುವುದು ಪಡೆಯುವವರ ಪೆಟ್ಟಿಗೆಯ ಹೆಸರು. ಬಲಗಡೆ ತಪ್ಪಿದರೆ ಕಾಗದವು ಹಾದಿಯನ್ನೇ ಕಾಣದು. ಎಡಗಡೆ ತಪ್ಪಿದರೆ ಬಾಗಿಲಿನವರೆಗೆ ಹೋಗಿ ಮರಳುವುದು, ಇಲ್ಲವೇ ಬೇರೊಬ್ಬರ ಪೆಟ್ಟಿಗೆಗೆ ಬೀಳುವುದು. ಬಿದ್ದರೆ ಮರಳುವಂತೆಯೂ ಇಲ್ಲ. ಆಂಗ್ಲ ಲಿಪಿಯ ‘ಟುಮ್ಕೂರ್’ 2014ರ ನವೆಂಬರ್ 1ರಂದು ‘ತುಮಕೂರು’ ಆದಮೇಲೆ ಈ ಎಚ್ಚರವು ಇಮ್ಮಡಿ ಬೇಕಾಗಿದೆ. ಕಚೇರಿಯ ವಿಳಾಸದಲ್ಲಿ ಯಾವ ಅಕ್ಷರಗಳಿರುವುವೋ ಅವನ್ನೇ ನೋಡಿ ಬರೆಯಬೇಕಲ್ಲದೆ ಊಹಿಸಲಾಗದು.

ಮರಳಿದ ಕಾಗದಕ್ಕೆ ‘ಮೇಲರ್ ಡೀಮನ್’ ಎಂಬ ಸಹಿಯಿರುವುದು. ಯಾರೋ ಮೋಸಗಾರರೆಂದು ಇದನ್ನು ಓದದೆ ಅಳಿಸಬಾರದು. ಅದು ಯಂತ್ರವು ಬರೆದ ಷರಾ. ಅದರಲ್ಲಿ 550ರಂತೆ 5ರಿಂದ ಮೊದಲಾಗುವ ಮೂರಂಕಿಯ ಸಂಖ್ಯೆಯಿದ್ದರೆ ಕಾಗದವು ನಿರಾಕೃತವಾಯಿತೆಂದು ಅರ್ಥ. 4ರಿಂದ ಮೊದಲಾದರೆ ಅಡ್ಡಿಯು ತಾತ್ಕಾಲಿಕ. ಕಳುಹಿಸುವ ಸರ್ವರು ಮತ್ತೆ ಮತ್ತೆ ಯತ್ನಿಸುವುದು. ಹೆಚ್ಚಿನ ಅಪಾಯವು ಇದರಲ್ಲಿಯೇ. ಯತ್ನವು ನಾಲ್ಕೈದು ದಿನ ನಡೆದು, ಕಡೆಗೆ ಸೋಲಿನ ವರ್ತಮಾನ ಬರುವ ವೇಳೆಗೆ ವಿಮೆಯ 72 ಗಂಟೆಗಳು ಕಳೆದುಹೋಗಿರುವುವು.

ಕೆಟ್ಟ ಪೈರಿನ ಚಿತ್ರಗಳನ್ನು ಹತ್ತಿಪ್ಪತ್ತು ಲಗತ್ತಿಸುವುದೂ ಕಾಗದವು ಮರಳಲು ಕಾರಣವಾಗಬಹುದು. ಸಾಗಣೆಗಾಗಿ ಚಿತ್ರವನ್ನು ಅಕ್ಷರರೂಪಕ್ಕೆ ತಿರುಗಿಸುವಾಗ ಅದರ ಗಾತ್ರವು ಮೂರರಲ್ಲೊಂದು ಪಾಲಿನಷ್ಟು ಬೆಳೆಯುವುದು. ಪಡೆಯುವ ಕಡೆಯ ಮಿತಿ ಮೀರಿದರೆ ಇಡೀ ಕಾಗದವೇ ಹಿಂದಕ್ಕೆ ಬರುವುದು. ಎರಡು ಮೂರು ಸ್ಪಷ್ಟ ಚಿತ್ರಗಳು ಸಾಕು. ಕಳುಹಿಸಿದವನ ಪೆಟ್ಟಿಗೆಯೇ ತುಂಬಿದ್ದರಂತೂ ಉತ್ತರವೂ ಅವನಿಗೆ ತಲಪದು.

ಇವೆಲ್ಲಕ್ಕೂ ಕೆಟ್ಟದ್ದು, ತಲಪಿಯೂ ಕಾಣದಿರುವುದು. ಕಾಗದವು ‘ಸ್ಪ್ಯಾಮ್’ ಎಂಬ ಕಸದ ಕಡತಕ್ಕೆ ಬಿದ್ದರೆ ಷರಾ ಸಹ ಬಾರದು. ಆದಕಾರಣ ಮಳೆ ಬಿದ್ದ ದಿನವೇ 14447 ಎಂಬ ಸಹಾಯವಾಣಿಗೆ ಕರೆಮಾಡಿ, ಅಲ್ಲಿ ಕೊಡುವ ದಾಖಲೆ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಇ-ಮೇಲನ್ನು ಅನಂತರ ಕಳುಹಿಸತಕ್ಕದ್ದು.